ಸ್ವಂತ ದೋಣಿ ಇಲ್ಲ, ಊರು ಕಲಬುರಗಿ: ಕ್ರೂ ಆಗಿ ಹಾಯಿದೋಣಿ ರೇಸ್ ಕಲಿಯೋದು ಹ್ಯಾಂಗ?

ಶಹಾಬಾದ್ ಕಲ್ಲು (ಪ್ರಶ್ನೆ)

ನಮಸ್ಕಾರ್ರಿ ಎಲ್ಲರಿಗೂ. ಹಾಯಿದೋಣಿ ರೇಸ್ ಕಲಿಬೇಕು ಅಂತ ಅದ. ದೋಣಿ ಕೊಳ್ಳೋ ಶಕ್ತಿ ಇಲ್ಲ, ಕೊಂಡರೂ ಕಲಬುರಗಿಯಾಗ ಎಲ್ಲಿ ಇಡೋದು? ಬೇರೆಯವರ ದೋಣಿಗೆ ಕ್ರೂ (ಚುಕ್ಕಾಣಿಯವನ ಜೋಡಿ ಹಾಯಿ, ಹಗ್ಗ ನೋಡ್ಕೊಳ್ಳೋ ಆಳು) ಆಗಿ ಹೋದ್ರ ರೊಕ್ಕ ಇಲ್ದ ಕಲಿಬಹುದು ಅಂತ ಭಾಳ ಮಂದಿ ಬರೀತಾರ. ಖರೇನಾ?

ನನ್ನ ಲೆಕ್ಕ ಹಿಂಗ ಅದ: ಬ್ಯಾಂಕ್ ಕೆಲಸ, ಎರಡನೇ ಮತ್ತ ನಾಲ್ಕನೇ ಶನಿವಾರ ರಜಾ. ತೂಕ 68 ಕೆ.ಜಿ. ಈಜು ಬರ್ತದ, ಆದ್ರ ಕೊಳದಾಗ ಮಾತ್ರ. ದೋಣಿ ಬಗ್ಗೆ ಸೊನ್ನೆ. ಹೈದರಾಬಾದಿಗೆ ಹೋಗಲೋ, ಮುಂಬೈಗೋ? ಏನೂ ಬರದವನನ್ನ ಯಾರು ಹತ್ತಿಸ್ಕೋತಾರ? ಹತ್ತಿದ ಮೊದಲ ದಿನ ಕೈಯಾಗ ಏನು ಕೊಡ್ತಾರ, ಅದರಾಗ ಏನು ತಪ್ಪಾಗ್ತದ? ಅಲ್ಲೀತನಕ ಇಲ್ಲೇ ಕುಂತು ಏನು ತಯಾರಿ ಮಾಡ್ಲಿ? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಕಾರಂಜಾ ದಂಡಿ (ಬೀದರ್)

ಊರಿಗಿಂತ ಮೊದಲ ದೋಣಿ ನೋಡ್ರಿ. ಕ್ರೂ ಬೇಕಾಗೋದು ಇಬ್ಬರು ಇಲ್ಲಾ ಹೆಚ್ಚು ಮಂದಿ ಕೂಡೋ ದೋಣಿಗೆ ಮಾತ್ರ. ಹುಸೇನ್ ಸಾಗರದಾಗ ಕಾಣೋ ಹಾಯಿಗಳೊಳಗ ಭಾಳಷ್ಟು ಆಪ್ಟಿಮಿಸ್ಟ್ ಮತ್ತ ಲೇಸರ್. ಆಪ್ಟಿಮಿಸ್ಟ್ ಅಂದ್ರ 2.3 ಮೀಟರಿನ ಮಕ್ಕಳ ದೋಣಿ, 15 ವರ್ಷ ದಾಟಿದವರಿಗೆ ರೇಸ್ ಇಲ್ಲ. ಲೇಸರ್‌ಗೆ ಈಗ ಐಎಲ್‌ಸಿಎ ಅಂತಾರ, 4.23 ಮೀಟರ್, ಒಬ್ಬರೇ ಓಡಿಸೋದು. ಇವೆರಡರಾಗೂ ನಿಮಗ ಜಾಗಾನೇ ಇಲ್ಲ. ಇದು ತಿಳೀದೆ ಮಂದಿ ಕ್ಲಬ್ಬಿಗೆ ಫೋನ್ ಮಾಡಿ "ಕ್ರೂ ಬೇಕಾ" ಅಂತ ಕೇಳ್ತಾರ, "ಇಲ್ಲ" ಅಂದ್ರ ಬ್ಯಾಸರ ಮಾಡ್ಕೋತಾರ. ಕೇಳಬೇಕಾದದ್ದು ಹಿಂಗ: "ನಿಮ್ಮಲ್ಲಿ ಎಂಟರ್‌ಪ್ರೈಸ್, 420 ಹಂಗ ಇಬ್ಬರು ಕೂಡೋ ದೋಣಿ ಯಾರು ಓಡಿಸ್ತಾರ? ಅವರ ಜೋಡಿ ಇಲ್ದ ದಿನ ನಾ ಬರಬಹುದಾ?"

ನಿಮ್ಮ ವಯಸ್ಸಿಗೆ ಎಂಟರ್‌ಪ್ರೈಸ್ ಚೊಲೊ. 4.04 ಮೀಟರ್, ಎರಡೇ ಹಾಯಿ, ಸ್ಪಿನ್ನೇಕರ್ (ಗಾಳಿ ಹಿಂದಿಂದ ಬರುವಾಗ ಏರಿಸೋ ಉಬ್ಬಿದ ದೊಡ್ಡ ಹಾಯಿ) ಇಲ್ಲ, ತಂತಿಗೆ ಜೋತು ಬೀಳೋ ಟ್ರಪೀಜ್ ಇಲ್ಲ. 420ರಾಗ ಎರಡೂ ಇರ್ತಾವ, ಮ್ಯಾಲ ಅದು ಹಗುರ ಹುಡುಗರ ದೋಣಿ. ಮೊದಲ ದಿನಕ್ಕೆ ಬ್ಯಾಡ.

ಹುಸೇನ್ ಸಾಗರದ ಮ್ಯಾಲ ಯಾಟ್ ಕ್ಲಬ್ ಆಫ್ ಹೈದರಾಬಾದ್, ಸಿಕಂದರಾಬಾದ್ ಸೇಲಿಂಗ್ ಕ್ಲಬ್, ಮಿಲಿಟರಿಯವರ ಇಎಂಇ ಸೇಲಿಂಗ್ ಅಸೋಸಿಯೇಶನ್ ಅವ. ಅಲ್ಲಿ ಗಾಳಿ ಚೊಲೊ ಇರೋದು ಮಳೆಗಾಲದಾಗ, ಜೂನ್‌ನಿಂದ ಆಗಸ್ಟ್. ದೊಡ್ಡ ರೆಗಟ್ಟಾಗಳೂ (ಹಾಯಿದೋಣಿ ರೇಸ್ ಕೂಟ) ಆವಾಗ್ಲೇ. ರೆಗಟ್ಟಾ ವಾರದಾಗ ಹೊಸಬರನ್ನ ಯಾರೂ ದೋಣಿಗೆ ಹತ್ತಿಸ್ಕೊಳಂಗಿಲ್ಲ. ಆದ್ರ ಅದೇ ವಾರ ರೇಸ್ ಕಮಿಟಿಗೆ ಮಂದಿ ಸಾಲಂಗಿಲ್ಲ: ಬಾವುಟ ಏರಿಸಾಕ, ಗುರಿ ತಲುಪಿದ ದೋಣಿಯ ನಂಬರ್ ಬರ್ಕೊಳ್ಳಾಕ, ಮಾರ್ಕ್ ಬೋಯಾ (ರೇಸಿನಾಗ ಸುತ್ತಬೇಕಾದ ತೇಲೋ ಗುರುತು) ಇಡೋ ದೋಣಿಯಾಗ ಲಂಗರ ಎಳೆಯಾಕ. ಆ ಕೆಲಸ ಕೇಳ್ಕೊಂಡು ಮಾಡ್ರಿ. ಸ್ಟಾರ್ಟ್ ಲೈನಿನ ತುದಿಗೆ ಕುಂತು ದಿನಕ್ಕ ಎಷ್ಟೋ ಸ್ಟಾರ್ಟ್ ನೋಡೋ ಅವಕಾಶ ಬ್ಯಾರೆ ಎಲ್ಲೂ ಸಿಗಂಗಿಲ್ಲ, ಸ್ಕಿಪ್ಪರ್‌ಗಳ (ದೋಣಿ ನಡೆಸೋ ಮುಖ್ಯಸ್ಥರ) ಮುಖಪರಿಚಯನೂ ಆಗ್ತದ. ಭಾಷಾದ ಚಿಂತಿ ಇಲ್ಲ, ನಮ್ಮ ಕಡೆ ಹಿಂದಿ ಅಲ್ಲಿ ಧಾರಾಳ ನಡೀತದ.

ಇಬ್ಬರ ದೋಣಿಯಾಗ ನಿಮ್ಮ ಕೈಗೆ ಬರೋದು ಮುಂದಿನ ಸಣ್ಣ ಹಾಯಿ, ಜಿಬ್. ಗಾಳಿಗೆ ಎದುರು ಹೋಗುವಾಗ ದೋಣಿ ಅಡ್ಡಾದಿಡ್ಡಿ ಹೋಗ್ತದ, ಪ್ರತಿ ತಿರುವಿಗೆ ಟ್ಯಾಕ್ ಅಂತಾರ. ಟ್ಯಾಕ್‌ದಾಗ ಕ್ರೂ ಕೆಲಸ:

ಚುಕ್ಕಾಣಿಯವ "ರೆಡಿ?" ಅಂದ ಕೂಡ್ಲೆ ಜಿಬ್ ಹಗ್ಗವನ್ನ ಕ್ಲೀಟ್‌ನಿಂದ (ಹಗ್ಗ ಕಚ್ಚಿ ಹಿಡಿಯೋ ಹಿಡಿಕೆಯಿಂದ) ಬಿಡಿಸ್ರಿ, ಆದ್ರ ಕೈಯಾಗ ಬಿಗಿ ಹಿಡ್ಕೊಂಡೇ ಇರ್ರಿ. ಹಗ್ಗದ ಮ್ಯಾಲ ಕಾಲು ಇಲ್ಲ ಅಂತ ನೋಡ್ರಿ. ಹಾಯಿಯ ಕೆಳಗ ಬಗ್ಗಿ ಆ ಕಡೆ ಯಾವ ದೋಣಿನೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು "ರೆಡಿ" ಅನ್ರಿ. ದೋಣಿ ತಿರುಗಿದಂಗ ಜಿಬ್‌ನ ಮುಂದಿನ ಅಂಚು ಪಟಪಟ ಅನ್ನಾಕ ಹತ್ತಿದಾಗ ಹಳೇ ಹಗ್ಗ ಪೂರಾ ಬಿಡ್ರಿ. ಮುಂದಕ್ಕ ಮುಖ ಮಾಡಿ, ತಲಿ ತಗ್ಗಿಸಿ, ಬೂಮ್ (ದೊಡ್ಡ ಹಾಯಿಯ ಕೆಳಗಿನ ಅಡ್ಡ ಕೋಲು) ಕೆಳಗಿಂದ ದಾಟ್ರಿ. ದಾಟುವಾಗಲೇ ಹೊಸ ಬದಿಯ ಹಗ್ಗ ಕೈಯಾಗ ಇರ್ಬೇಕು. ಎಳೀರಿ, ಆದ್ರ ಕಡೀ ನಾಲ್ಕು ಬೆರಳು ಸಡಿಲ ಇಟ್ಟು, ದೋಣಿ ವೇಗ ಹಿಡಿದ ಮ್ಯಾಲ ಪೂರಾ ಬಿಗೀರಿ.

ಕೆಡೋದು ಮೂರು ಕಡೆ. ಜಿಬ್ ಜಲ್ದಿ ಬಿಟ್ರ ದೋಣಿ ತಿರುಗೋಕ ಮೊದಲೇ ಜೋರು ಕಳ್ಕೊಂಡು ಗಾಳಿಗೆ ಮೂತಿ ಕೊಟ್ಟು ನಿಂತುಬಿಡ್ತದ. ತಡಾ ಬಿಟ್ರ ಜಿಬ್ ಹಿಮ್ಮುಖ ಗಾಳಿ ತುಂಬ್ಕೊಂಡು ಮೂತೀನ ದೂರ ತಳ್ಳಿಬಿಡ್ತದ, ಗಳಿಸಿದ ನಾಲ್ಕು ಮೀಟರ್ ಹೋತು. ತಿರುಗಿದ ಕೂಡ್ಲೆ ಬಿಗಿ ಎಳೆದ್ರ ನಿಧಾನ ಇರೋ ದೋಣಿ ಉಸಿರುಗಟ್ಟಿದಂಗ ಆಗ್ತದ, ಹಾಯಿ ಬಿಗಿ ಕಾಣ್ತದ ಖರೆ, ಮುಂದ ಹೋಗಂಗಿಲ್ಲ. ಹೊಸಬರು ಹೆಚ್ಚು ಮಾಡೋದು ಈ ಮೂರನೇದು. ಯಾಕಂದ್ರ ಬಿಗಿ ಎಳೆದದ್ದು ಕೆಲಸ ಮಾಡಿದಂಗ ಕಾಣ್ತದ!

ಗಾಳಿ 5 ನಾಟ್‌ಗಿಂತ ಕಮ್ಮಿ (ಒಂದು ನಾಟ್ ಅಂದ್ರ ತಾಸಿಗೆ 1.85 ಕಿ.ಮೀ.) ಇದ್ದಾಗ ಕ್ರೂ ಕೂಡೋದು ಕೆಳಗಿನ ಬದಿಗೆ, ಮುಂದ. ದೋಣಿ ಸ್ವಲ್ಪ ವಾಲಿದ್ರ ಹಾಯಿ ತನ್ನ ಭಾರಕ್ಕೇ ಆಕಾರ ಹಿಡೀತದ. ಆವಾಗ ಮಿಸುಕಾಡಬ್ಯಾಡ್ರಿ. ಒಂದು ಸಲ ಧಪ್ಪಂತ ಕುಂತ್ರ ಹಾಯಿಯಾಗಿನ ಗಾಳಿ ಎಲ್ಲಾ ಉದುರಿ ಹೋಗ್ತದ.

ಗೇಟ್‌ವೇ ಗುಲಬರ್ಗಾ (ಮುಂಬೈ, ಊರು ಕಲಬುರಗಿ)

ಮೇಲಿನವರು ಡಿಂಗಿ, ಅಂದರೆ ಭಾರದ ಕೀಲ್ ಇಲ್ಲದ ಸಣ್ಣ ದೋಣಿ ಬಗ್ಗೆ ಹೇಳಿದ್ದಾರೆ. ಬೇರೆಯವರ ದೋಣಿಯಲ್ಲಿ ಕಲಿಯುವ ಪದ್ಧತಿ ನಿಜವಾಗಿ ಬೆಳೆದದ್ದು ಕೀಲ್‌ಬೋಟ್‌ಗಳಲ್ಲಿ. ಅಡಿಯಲ್ಲಿ ಭಾರದ ಕೀಲ್ ಇರುವುದರಿಂದ ಇವು ಮಗುಚುವುದು ಅಪರೂಪ, ಜನ ಜಾಸ್ತಿ ಬೇಕು. ಜೆ-24 ತಗೊಳ್ಳಿ: ಉದ್ದ 7.32 ಮೀಟರ್, ತೂಕ ಸುಮಾರು 1,400 ಕೆ.ಜಿ., ಸಾಮಾನ್ಯವಾಗಿ ಐದು ಜನ. ಎಲ್ಲರೂ ಸೇರಿ 400 ಕೆ.ಜಿ. ದಾಟಬಾರದು ಅಂತ ಕ್ಲಾಸ್ (ಒಂದೇ ಮಾದರಿ ದೋಣಿಗಳ ವರ್ಗ) ನಿಯಮ. 85 ಕೆ.ಜಿ.ಯ ನಾಲ್ಕು ಜನ ಇದ್ದರೆ ಉಳಿಯುವುದು 60 ಕೆ.ಜಿ. ಅದಕ್ಕೇ ಸ್ಕಿಪ್ಪರ್ ಮೊದಲು ಕೇಳುವುದು ನಿಮ್ಮ ಅನುಭವ ಅಲ್ಲ, ತೂಕ. 68 ಅಂದರೆ ಅಂಥ ಭಾರದ ತಂಡಕ್ಕೆ ಸ್ವಲ್ಪ ಜಾಸ್ತಿ, ಉಳಿದ ಬಹಳಷ್ಟು ಕಡೆ ಹೊಂದುತ್ತೀರಿ, ಅದನ್ನು ಮೊದಲ ಮೆಸೇಜ್‌ನಲ್ಲೇ ಬರೆಯಿರಿ.

ಮುಂಬೈ ಬಂದರಿನಲ್ಲಿ ಸೀಸನ್ ಅಕ್ಟೋಬರ್‌ನಿಂದ ಮೇವರೆಗೆ, ಮಳೆಗಾಲದಲ್ಲಿ ಪೂರ್ತಿ ಬಂದ್. ಅಂದರೆ ಹೈದರಾಬಾದಿಗೆ ತದ್ವಿರುದ್ಧ. ನಿಮಗೆ ಇದು ಅನುಕೂಲವೇ: ಜೂನ್‌ನಿಂದ ಆಗಸ್ಟ್ ಪೂರ್ವಕ್ಕೆ, ಅಕ್ಟೋಬರ್ ಆದಮೇಲೆ ಪಶ್ಚಿಮಕ್ಕೆ. ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಎರಡೂ ಊರನ್ನು ಕಲಬುರಗಿ ಮೇಲೆ ಹಾದು ಜೋಡಿಸುತ್ತದೆ, ಮುಂಬೈಗೆ ರಾತ್ರಿ ಪ್ರಯಾಣ. ರಾಯಲ್ ಬಾಂಬೆ ಯಾಟ್ ಕ್ಲಬ್ (1846ರದು) ಇರುವುದು ಅಪೋಲೊ ಬಂದರ್‌ನಲ್ಲಿ, ಗೇಟ್‌ವೇ ಪಕ್ಕ. ಸಿಎಸ್‌ಎಂಟಿಯಲ್ಲಿ ಇಳಿದರೆ ಟ್ಯಾಕ್ಸಿಗೆ ಹತ್ತಿರ. ಆದರೆ ಹೀಗೇ ನಡೆದು ಒಳಗೆ ಹೋಗಲಾಗುವುದಿಲ್ಲ. ಸದಸ್ಯರ ಅತಿಥಿಯಾಗಿ ಹೋಗಬೇಕು. ಆದ್ದರಿಂದ ಮೊದಲು ಸ್ಕಿಪ್ಪರ್, ಆಮೇಲೆ ಟಿಕೆಟ್.

ಹೊಸಬನಿಗೆ ಕೊಡುವ ಜಾಗ ರೇಲ್, ಅಂದರೆ ಗಾಳಿ ಬರುವ ಬದಿಯ ಅಂಚಿನಲ್ಲಿ ಕಾಲು ಹೊರಗೆ ಇಳಿಬಿಟ್ಟು ಕೂತು ದೋಣಿ ವಾಲದಂತೆ ತೂಕ ಕೊಡುವುದು. ಇದನ್ನು ಸೋಮಾರಿ ಕೆಲಸ ಅಂದುಕೊಳ್ಳಬೇಡಿ. ಪಕ್ಕದವನ ತೊಡೆಗೆ ತೊಡೆ ತಾಗುವಂತೆ ಒತ್ತಾಗಿ ಕೂರಬೇಕು, ತೂಕ ಚದುರಿದಷ್ಟೂ ದೋಣಿ ಅಲೆಯಲ್ಲಿ ಮೂತಿ ಎತ್ತಿ ಕುಕ್ಕುತ್ತದೆ. ಟ್ಯಾಕ್ ಆಗುವಾಗ ಎಲ್ಲರಿಗಿಂತ ಕೊನೆಗೆ ಎದ್ದು, ಆಚೆ ಬದಿಗೆ ಎಲ್ಲರಿಗಿಂತ ಮೊದಲು ತಲುಪಬೇಕು. ಹೊಸಬರು "ರೆಡಿ" ಕೇಳಿದ ಕೂಡಲೇ ಎದ್ದು ಒಳಗೆ ಓಡುತ್ತಾರೆ, ದೋಣಿ ವಾಲುತ್ತದೆ, ಚುಕ್ಕಾಣಿ ಭಾರವಾಗುತ್ತದೆ, ಬೈಗುಳ ಬೀಳುತ್ತದೆ. ಆ ಬೈಗುಳ ನ್ಯಾಯವಾದದ್ದೇ.

ರೇಲ್ ಮೇಲಿನವನಿಗೆ ಇನ್ನೊಂದು ಕೆಲಸ ಕಣ್ಣಿನದು. ನೀರಿನ ಮೇಲೆ ಕಪ್ಪಗೆ, ಒರಟಾಗಿ ಕಾಣುವ ಪಟ್ಟಿ ಅಂದರೆ ಜೋರು ಗಾಳಿ ಬರುತ್ತಿದೆ. ಅದನ್ನು "ಪಫ್, ಹತ್ತು ಸೆಕೆಂಡ್... ಐದು, ನಾಲ್ಕು, ಮೂರು, ಎರಡು, ಒಂದು, ಬಂತು" ಅಂತ ಹೇಳಬೇಕು. ಮೊದಲ ಅರ್ಧ ಗಂಟೆ ನಿಮ್ಮ ಎಣಿಕೆ ತಪ್ಪುತ್ತದೆ, ಆದರೂ ಹೇಳುತ್ತಾ ಇರಿ. ಯಾರೂ ಏನೂ ಅನ್ನುವುದಿಲ್ಲ. ಸುಮ್ಮನೆ ಕೂತವನನ್ನು ಎರಡನೇ ಸಲ ಕರೆಯುವುದು ಕಡಿಮೆ.

ಎರಡು-ಮೂರು ರೇಸ್ ಆದಮೇಲೆ ವಿಂಚ್ (ಹಗ್ಗ ಸುತ್ತಿ ಬಿಗಿ ಎಳೆಯುವ ಉರುಳೆ) ಕೊಡುತ್ತಾರೆ. ಇಲ್ಲಿ ಬೆರಳು ಹೋಗುವ ಸಂಭವ ಇರುವುದರಿಂದ ವಿವರವಾಗಿ ಬರೆಯುತ್ತೇನೆ. ಹಗ್ಗ ಯಾವಾಗಲೂ ಗಡಿಯಾರದ ದಿಕ್ಕಿಗೆ ಸುತ್ತಬೇಕು. ಟ್ಯಾಕ್‌ಗೆ ಮೊದಲು ಖಾಲಿ ಬದಿಯ ವಿಂಚ್ ಮೇಲೆ ಎರಡೇ ಸುತ್ತು. ಜಿಬ್ ಆಚೆ ಬರುತ್ತಿದ್ದಂತೆ ಎರಡೂ ಕೈಯಲ್ಲಿ ಸರಸರ ಎಳೆದು ಸಡಿಲವೆಲ್ಲ ತಗೊಳ್ಳಿ. ಹಗ್ಗ ಗಟ್ಟಿಯಾದಾಗ ಮೇಲೆ ಇನ್ನೊಂದು ಅಥವಾ ಎರಡು ಸುತ್ತು ಸೇರಿಸಿ, ಆಮೇಲೆ ಹ್ಯಾಂಡಲ್. ಹ್ಯಾಂಡಲ್ ಕೆಲಸ ಮುಗಿದ ಕೂಡಲೇ ಅದರ ಜೇಬಿಗೆ ಹೋಗಬೇಕು, ನೆಲದ ಮೇಲೆ ಇಟ್ಟರೆ ಮುಂದಿನ ಟ್ಯಾಕ್‌ನಲ್ಲಿ ಸಮುದ್ರಕ್ಕೆ ಹೋಗುತ್ತದೆ.

ಶುರುವಿನಲ್ಲೇ ನಾಲ್ಕು ಸುತ್ತು ಹಾಕಿ ಸಡಿಲ ಹಗ್ಗ ಎಳೆದರೆ ಒಳಬರುವ ಹಗ್ಗ ಪಕ್ಕದ ಸುತ್ತಿನ ಮೇಲೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಇದೇ ಓವರ್‌ರೈಡ್. ಆಮೇಲೆ ಎಳೆಯಲೂ ಆಗದು, ಬಿಡಲೂ ಆಗದು. ಬೆರಳು ಹಾಕಿ ಬಿಡಿಸಲು ಹೋಗಬೇಡಿ. ಮೊದಲು ಕೂಗಿ ಹೇಳಿ. ಬಿಡಿ ಹಗ್ಗವೊಂದನ್ನು ವಿಂಚ್‌ನ ಮುಂದೆ ಜಿಬ್ ಹಗ್ಗಕ್ಕೆ ರೋಲಿಂಗ್ ಹಿಚ್ (ಜಾರದಂತೆ ಬಿಗಿಯುವ ಗಂಟು) ಹಾಕಿ ಕಟ್ಟಿ, ಬೇರೆ ವಿಂಚ್‌ಗೆ ಎಳೆದು ಭಾರ ಅದರ ಮೇಲೆ ತಂದರೆ ಸಿಕ್ಕು ತಾನೇ ಸಡಿಲಾಗುತ್ತದೆ. ಜಾಗ ಇದ್ದರೆ ಸ್ಕಿಪ್ಪರ್ ಮತ್ತೊಮ್ಮೆ ಟ್ಯಾಕ್ ಮಾಡಿ ಭಾರ ಇಳಿಸುತ್ತಾನೆ. ಹಗ್ಗ ಸ್ವಲ್ಪ ಬಿಡುವಾಗ ಎಡ ಅಂಗೈಯನ್ನು ಸುತ್ತುಗಳ ಮೇಲೆ ಚಪ್ಪಟೆ ಒತ್ತಿ, ಬಲಗೈಯಲ್ಲಿ ತುದಿ ಹಿಡಿದು, ಒಂದೊಂದು ಇಂಚು ಜಾರಿಸಿ. ಉಂಗುರ, ಕೈಕಡಗ ಮನೆಯಲ್ಲೇ ಇರಲಿ.

ಸ್ಪಿನ್ನೇಕರ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಅದನ್ನು ಮಡಚುವುದು ಮೊದಲ ದಿನವೇ ಕಲಿಯಿರಿ, ಯಾಕೆಂದರೆ ಆ ಕೆಲಸ ಯಾರಿಗೂ ಇಷ್ಟ ಇಲ್ಲ. ತಲೆಯ ಮೂಲೆಯಿಂದ ಶುರುಮಾಡಿ ಒಂದು ಅಂಚನ್ನು ಕೈಯಿಂದ ಕೈಗೆ ಕೊನೆಯವರೆಗೆ ಹಿಡಿದು ಬನ್ನಿ, ಆಮೇಲೆ ಇನ್ನೊಂದು ಅಂಚು. ಎರಡರಲ್ಲೂ ತಿರುಚು ಇಲ್ಲದಿದ್ದರೆ ನಡುವಿನ ಬಟ್ಟೆಯನ್ನು ಹೇಗೆ ತುರುಕಿದರೂ ನಡೆಯುತ್ತದೆ. ಮೂರು ಮೂಲೆ ಚೀಲದ ಬಾಯಲ್ಲಿ ಬೇರೆಬೇರೆಯಾಗಿ ಮೇಲೆ ಕಾಣಬೇಕು. ಒಂದು ತಿರುಚು ಉಳಿದರೂ ಏರಿಸಿದಾಗ ಹಾಯಿ ನಡುವಲ್ಲಿ ಗಂಟುಬಿದ್ದು ಡಮರುಗದ ಆಕಾರಕ್ಕೆ ನಿಲ್ಲುತ್ತದೆ, ಆ ಲೆಗ್ (ಒಂದು ಮಾರ್ಕ್‌ನಿಂದ ಮುಂದಿನ ಮಾರ್ಕ್‌ವರೆಗಿನ ಓಟ) ಕಥೆ ಮುಗಿಯಿತು.

ಕೋರ್ಸ್ ಬೇಕೇ ಅಂದರೆ ನನ್ನ ಮಟ್ಟಿಗೆ ಬೇಡ. ಒಂದು ಸೀಸನ್ ಒಂದೇ ದೋಣಿಗೆ ತಪ್ಪದೇ ಹೋಗಿ.

ಸುರಪುರ ಸೀಮಿ (ಯಾದಗಿರಿ)

ಗೇಟ್‌ವೇ ಅವರ ಕಡೀ ಮಾತು ನಾ ಒಪ್ಪಂಗಿಲ್ಲ. ಐದನೇ ಆಳಾಗಿ ರೇಲ್ ಮ್ಯಾಲ ಕುಂತವಗ ಪೂರಾ ಸೀಸನ್ ಕಳೆದ್ರೂ ಚುಕ್ಕಾಣಿ ಕೈಯಾಗ ಹ್ಯಾಂಗ ಮಾತಾಡ್ತದ ಅಂತ ತಿಳಿಯಂಗಿಲ್ಲ. ಎರಡು-ಮೂರು ದಿನ ಆದ್ರೂ ಒಬ್ಬರೇ ಸಣ್ಣ ದೋಣಿ ಓಡಿಸ್ರಿ, ಹೈದರಾಬಾದಿನಾಗ ಅದಕ್ಕ ಅನುಕೂಲ ಅದ. ಸಣ್ಣ ದೋಣಿಯಾಗ ತಪ್ಪಿಗೆ ಶಿಕ್ಷಾ ಅಲ್ಲೇ ಸಿಗ್ತದ: ಹಗ್ಗ ತಡಾ ಬಿಟ್ರ ನೀರಿಗೆ ಬೀಳ್ತೀರಿ. ದೊಡ್ಡ ದೋಣಿಯಾಗ ಅದೇ ತಪ್ಪು ಕಾಣದಂಗ ಮುಚ್ಚಿ ಹೋಗ್ತದ. ಆಮ್ಯಾಲ ಕ್ರೂ ಆಗಿ ಹೋದ್ರ ಸ್ಕಿಪ್ಪರ್ ಯಾಕ ಹಂಗಂದ ಅಂತ ತಿಳೀತದ.

ಇನ್ನು ನಿಯಮ. ವರ್ಲ್ಡ್ ಸೇಲಿಂಗ್‌ನ ರೇಸಿಂಗ್ ರೂಲ್ಸ್ ಪುಸ್ತಕ ಅವರ ವೆಬ್‌ಸೈಟಿನಾಗ ಪುಕ್ಕಟೆ ಅದ. ನಾಲ್ಕು ವರ್ಷಕ್ಕೊಮ್ಮೆ ತಿದ್ದತಾರ, ಈಗ ನಡೆದದ್ದು 2025–2028ರದು. ಹಳೇ ಪಿಡಿಎಫ್ ಓದಿ ವಾದ ಮಾಡಬ್ಯಾಡ್ರಿ. ಕ್ರೂಗೆ ಬೇಕಾದದ್ದು ಇಷ್ಟು:

ನಿಯಮದಾಗ ಟ್ಯಾಕ್ ಅಂದ್ರ ತಿರುವು ಅಷ್ಟೇ ಅಲ್ಲ, ಗಾಳಿ ಯಾವ ಬದಿಯಿಂದ ಬರ್ತದ ಅನ್ನೋದಕ್ಕೂ ಟ್ಯಾಕ್ ಅಂತಾರ. ನಿಯಮ 10: ಗಾಳಿ ಬಲಗಡೆಯಿಂದ ಬರೋ ದೋಣಿ ಸ್ಟಾರ್‌ಬೋರ್ಡ್ ಟ್ಯಾಕ್, ಅದಕ್ಕ ಹಕ್ಕು. ಎಡಗಡೆಯಿಂದ ಬರೋ ದೋಣಿ ಪೋರ್ಟ್, ಅದು ದೂರ ಸರೀಬೇಕು. 11: ಇಬ್ಬರೂ ಒಂದೇ ಟ್ಯಾಕ್ ಮ್ಯಾಲ ಅಕ್ಕಪಕ್ಕ ಇದ್ರ ಗಾಳಿ ಬರೋ ಕಡೆ ಇದ್ದವ ಸರೀಬೇಕು. 12: ಹಿಂದಿನವ ಮುಂದಿನವಗ ಬಡೀಬಾರ್ದು. 13: ಟ್ಯಾಕ್ ಮಾಡೋ ನಡುವ ಇದ್ದವಗ ಹಕ್ಕಿಲ್ಲ. 18: ಮಾರ್ಕ್‌ನಿಂದ ಮೂರು ದೋಣಿ ಉದ್ದದ ವಲಯಕ್ಕ ಮೊದಲ ದೋಣಿ ಮುಟ್ಟಿದಾಗ ಅಕ್ಕಪಕ್ಕ ಇದ್ರ, ಹೊರಗಿನವ ಒಳಗಿನವಗ ತಿರುಗಾಕ ಜಾಗ ಕೊಡಬೇಕು. ಗಾಳಿಗೆ ಎದುರು ಹೋಗುವಾಗ ಇಬ್ಬರೂ ಬ್ಯಾರೆ ಬ್ಯಾರೆ ಟ್ಯಾಕ್ ಮ್ಯಾಲ ಇದ್ರ ಈ 18 ನಡಿಯಂಗಿಲ್ಲ. ಹೊಸಬರು "ಜಾಗ ಕೊಡು" ಅಂತ ಒದರಿ ನಗೆಪಾಟಲಾಗೋದು ಇಲ್ಲೇ.

ಮಾರ್ಕ್‌ಗೆ ಮೈ ತಾಗಿದ್ರ ಒಂದು ಸುತ್ತು ತಿರುಗಬೇಕು. ಬ್ಯಾರೆ ದೋಣಿಗೆ ತಪ್ಪು ಮಾಡಿದ್ರ ಎರಡು ಸುತ್ತು: ಒಂದೇ ದಿಕ್ಕಿಗೆ ಎರಡು ಟ್ಯಾಕ್, ಎರಡು ಜೈಬ್ (ಗಾಳಿಗೆ ಬೆನ್ನು ಕೊಟ್ಟು ತಿರುಗೋದು), ಆದಷ್ಟು ಜಲ್ದಿ ಗುಂಪಿನಿಂದ ದೂರ ಸರಿದು. ಹಾಯಿ ಬೀಸಿ ಬೀಸಿ, ದೋಣಿ ತೂಗಾಡಿಸಿ ಮುಂದ ಹೋಗಂಗಿಲ್ಲ, ಅದು 42.

ಈ ನಿಯಮ ನಿಮಗ ಯಾಕ? ಚುಕ್ಕಾಣಿಯವಗ ಜಿಬ್ ಹಿಂದ ಏನದ ಅಂತ ಕಾಣಂಗಿಲ್ಲ. ನೀವೇ ಅವನ ಕಣ್ಣು. "ಒಂದು ದೋಣಿ ಬರಾಕತ್ತದ" ಅಂದ್ರ ಉಪಯೋಗ ಇಲ್ಲ. "ಸ್ಟಾರ್‌ಬೋರ್ಡ್ ದೋಣಿ, ಜಿಬ್ ಕೆಳಗ, ಎಂಟು ದೋಣಿ ಉದ್ದ, ಅವನೇ ಮುಂದ ದಾಟ್ತಾನ" ಅನ್ರಿ. ಯಾರು ಮುಂದ ಅಂತ ತಿಳ್ಕೊಳ್ಳೋದು ಹಿಂಗ: ಆ ದೋಣಿಯ ಮೂತಿ ಹಿಂದ ಕಾಣೋ ದಂಡಿ ನೋಡ್ರಿ. ಮೂತಿಯ ಮುಂದ ದಂಡಿ ಹೆಚ್ಚು ಹೆಚ್ಚು ಬಯಲಾಗ್ತಿದ್ರ ಅವ ಹಿಂದ ಬೀಳಾಕತ್ತಾನ, ನೀವು ಮುಂದ ದಾಟ್ತೀರಿ. ಮೂತಿ ದಂಡಿಯನ್ನ ನುಂಗ್ತಾ ಹೋದ್ರ ಅವ ಮುಂದ. ಎರಡೂ ಆಗದೆ ಹಂಗೇ ನಿಂತಂಗ ಕಂಡ್ರ ಬಡೀತೀರಿ, ಈಗಲೇ ಒದರ್ರಿ.

ಸ್ಟಾರ್ಟ್ ಎಣಿಕೆ ಹೊಸ ಕ್ರೂಗೇ ಕೊಡೋದು ರೂಢಿ. 5 ನಿಮಿಷಕ್ಕ ಕ್ಲಾಸ್ ಬಾವುಟ ಏರ್ತದ. 4ಕ್ಕ ಪಿ ಬಾವುಟ, ನೀಲಿ ನಡುವ ಬಿಳಿ ಚೌಕ. 1ಕ್ಕ ಪಿ ಇಳೀತದ. 0ಕ್ಕ ಕ್ಲಾಸ್ ಬಾವುಟ ಇಳಿದು ರೇಸ್ ಶುರು. ಗಡಿಯಾರ ಒತ್ತೋದು ಬಾವುಟ ನೋಡಿ, ಹಾರ್ನ್ ಕೇಳಿ ಅಲ್ಲ. ಹಾರ್ನ್ ಕೈಕೊಟ್ರೂ ಬಾವುಟದ್ದೇ ಲೆಕ್ಕ. 5ಕ್ಕ ಒತ್ತಿದ್ರೂ 4ಕ್ಕ ಮತ್ತ ತಾಳೆ ನೋಡ್ರಿ. ಕಡೀ ನಿಮಿಷದಾಗ ಹತ್ತತ್ತು ಸೆಕೆಂಡಿಗೆ ಹೇಳ್ರಿ, ಕಡೀ ಹತ್ತು ಒಂದೊಂದೇ, ಒಂದೇ ಲಯದಾಗ. ಎಣಿಸೋದು ಬಿಟ್ಟು "ಅಲ್ಲಿ ನೋಡ್ರಿ ಆ ದೋಣಿ" ಅಂತ ನಡುವ ಮಾತು ಸೇರಿಸಿದ್ರ ಸ್ಟಾರ್ಟ್ ಹೋತು. ಶುರು ಆದ ಕೂಡ್ಲೆ ಬಿಳಿ ಮ್ಯಾಲ ನೀಲಿ ಶಿಲುಬಿ ಇರೋ ಎಕ್ಸ್ ಬಾವುಟ ಏರಿದ್ರ ಯಾರೋ ಲೈನ್ ಮೊದಲೇ ದಾಟ್ಯಾರ, ಅವರು ವಾಪಸ್ ಬಂದು ಮತ್ತ ಶುರು ಮಾಡ್ಬೇಕು. ಹಿಂದ ತಿರುಗಿ ಕಮಿಟಿ ದೋಣಿ ನೋಡಿ ಹೇಳೋ ಕೆಲಸನೂ ನಿಮ್ದೇ.

ಯಾದಗಿರಿ ಕಡೆಯವರಿಗೆ ಇನ್ನೊಂದು ದಾರಿ: ಮುಂಬೈ–ಚೆನ್ನೈ ಲೈನ್ ನಮ್ಮ ಸ್ಟೇಷನ್ ಮ್ಯಾಲೇ ಹೋಗ್ತದ. ರಾಯಲ್ ಮದ್ರಾಸ್ ಯಾಟ್ ಕ್ಲಬ್ (1911) ಚೆನ್ನೈ ಬಂದರಿನ ಒಳಗ ಅದ. ಬಂದರಿಗೆ ಪಾಸ್ ಬೇಕಾಗ್ತದ, ಆಧಾರ್ ನಕಲು ಮೊದಲೇ ಕಳಿಸಿ ಮಾಡಿಸ್ಕೋರಿ.

ಊರಾಗ ಮಾಡೋ ತಯಾರಿ ಕಮ್ಮಿ, ಆದ್ರ ಉಪಯೋಗದ್ದು. 6 ಮಿ.ಮೀ. ಹಗ್ಗ ಎರಡು ಮೀಟರ್ ತಗೊಂಡು ಬೋಲೈನ್, ಫಿಗರ್-ಎಂಟು, ಕ್ಲೀಟ್ ಹಿಚ್, ರೋಲಿಂಗ್ ಹಿಚ್ ಈ ನಾಲ್ಕು ಗಂಟು ಕಣ್ಣು ಮುಚ್ಚಿ ಬರೋತನಕ ಹಾಕ್ರಿ. ಬೋಲೈನ್ ನಿಮ್ಮ ಕಡೆ ಮುಖ ಮಾಡಿ ಒಮ್ಮೆ, ಎದುರು ಕಡೆ ಮುಖ ಮಾಡಿ ಒಮ್ಮೆ. ದೋಣಿಯಾಗ ಬೇಕಾಗೋದು ಎರಡನೇದು. ಸಂಜೀಮುಂದ ಅಪ್ಪನ ಕೆರೆ ದಂಡಿ ಮ್ಯಾಲ ನಿಂತು ನೀರಿನ ಮ್ಯಾಲ ಗಾಳಿಪಟ್ಟಿ ಬರೋದು ನೋಡಿ, ಮುಖಕ್ಕ ತಾಗೋದು ಎಷ್ಟು ಸೆಕೆಂಡಿಗೆ ಅಂತ ಊಹಿಸಿ ಎಣಿಸ್ರಿ. ಪಫ್ ಹೇಳೋ ರೂಢಿಗೆ ಇದಕ್ಕಿಂತ ಸೋವಿ ಶಾಲಿ ಇಲ್ಲ. ಬೆಣ್ಣೆತೊರಾ, ಕಾರಂಜಾ, ನಾರಾಯಣಪುರ ಡ್ಯಾಮಿನಾಗ ಟ್ಯೂಬು, ತೆಪ್ಪ ಕಟ್ಕೊಂಡು ಪ್ರಯೋಗ ಮಾತ್ರ ಮಾಡಬ್ಯಾಡ್ರಿ. ಕಾಯೋ ಮೋಟಾರ್ ದೋಣಿ ಇಲ್ದ ಕಡೆ ಹಾಯಿ ಏರಿಸಬಾರ್ದು.

ಶಹಾಬಾದ್ ಕಲ್ಲು

ಭಾಳ ಉಪಕಾರ ಆತ್ರಿ. ಮತ್ತ ಎರಡು ಪ್ರಶ್ನೆ. ಸ್ಕಿಪ್ಪರ್‌ಗೆ ಮೆಸೇಜ್ ಏನಂತ ಬರೀಲಿ, ರೊಕ್ಕ ಏನಾದ್ರೂ ಕೊಡಬೇಕಾ? ಮತ್ತ ಹುಸೇನ್ ಸಾಗರದಾಗ ದೋಣಿ ಮಗುಚಿದ್ರ? ಆ ನೀರು ನೋಡಿದ್ರ ಹೆದರಿಕೆ ಬರ್ತದ.

ಗೇಟ್‌ವೇ ಗುಲಬರ್ಗಾ

ಮೆಸೇಜ್ ಚಿಕ್ಕದಿರಲಿ. ಹೀಗೆ: "ನಮಸ್ಕಾರ. ನಾನು ಕಲಬುರಗಿಯವನು, 68 ಕೆ.ಜಿ., ಈಜು ಬರುತ್ತದೆ, ರೇಸ್ ಅನುಭವ ಇಲ್ಲ. ಬೋಲೈನ್, ಕ್ಲೀಟ್ ಹಿಚ್ ಬರುತ್ತದೆ, ಸ್ಟಾರ್ಟ್ ಕ್ರಮ ಗೊತ್ತು. ಈ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ–ಭಾನುವಾರ ಖಂಡಿತ ಬರಬಲ್ಲೆ. ಯಾವ ಜಾಗ ಕೊಟ್ಟರೂ ಸರಿ. ಕೊನೇ ಗಳಿಗೆಯಲ್ಲಿ ಯಾರಾದರೂ ಬರದಿದ್ದರೂ ಕರೆಯಿರಿ." "ಸಾಧ್ಯವಾದರೆ ಬರುತ್ತೇನೆ" ಅನ್ನುವ ಮಾತು ಬೇಡವೇ ಬೇಡ. ಐದು ಜನರ ದೋಣಿಗೆ ಒಬ್ಬ ಬೆಳಿಗ್ಗೆ ಕೈಕೊಟ್ಟರೆ ಉಳಿದ ನಾಲ್ವರ ದಿನ ಹಾಳು. ರೈಲು ವೇಟಿಂಗ್ ಲಿಸ್ಟ್‌ನಲ್ಲಿದ್ದರೆ ಆ ವಾರ ಒಪ್ಪಿಕೊಳ್ಳಲೇಬೇಡಿ.

ದುಡ್ಡು: ಕ್ರೂ ಸ್ಕಿಪ್ಪರ್‌ಗೆ ಕೊಡುವುದಿಲ್ಲ, ಸ್ಕಿಪ್ಪರ್ ಕ್ರೂಗೆ ಕೊಡುವುದೂ ಇಲ್ಲ. ಊಟ, ನೀರಿನ ಖರ್ಚಿನಲ್ಲಿ ಪಾಲು ಕೇಳಿ ಕೊಡಿ. ರೆಗಟ್ಟಾ ಪ್ರವೇಶ ಶುಲ್ಕ ಹಂಚುತ್ತಾರೋ ಇಲ್ಲವೋ ಅಂತ ಮೊದಲೇ ಕೇಳಿ. ನಿಜವಾದ ಸಂದಾಯ ಕೆಲಸದ್ದು: ರೇಸ್‌ಗೆ ಒಂದೂವರೆ ಗಂಟೆ ಮೊದಲು ಹಾಜರು, ಮುಗಿದಮೇಲೆ ಹಾಯಿ ಮಡಚಿ, ದೋಣಿ ಸಿಹಿನೀರಲ್ಲಿ ತೊಳೆದು, ಹಗ್ಗ ಸುತ್ತಿಟ್ಟು ಹೊರಡುವುದು. ಮೊದಲು ಹೊರಟುಹೋದವನ ಹೆಸರು ಎಲ್ಲ ದೋಣಿಗೂ ಗೊತ್ತಾಗುತ್ತದೆ.

ಸಾಮಾನು ಮೆತ್ತನೆ ಚೀಲದಲ್ಲಿ, ಸೂಟ್‌ಕೇಸ್ ಬೇಡ. ಗುರುತು ಬೀಳದ ಬಿಳಿ ಅಥವಾ ತಿಳಿ ಅಡಿಯ ಶೂ, ಉದ್ದ ತೋಳಿನ ಬೇಗ ಒಣಗುವ ಅಂಗಿ, ಕೈಗವಸು, ಕ್ಲಿಪ್ ಇರುವ ಟೊಪ್ಪಿಗೆ, ಕನ್ನಡಕಕ್ಕೆ ದಾರ, ಎರಡು ಲೀಟರ್ ನೀರು. ಜೀನ್ಸ್ ಬೇಡ, ನೆನೆದರೆ ಭಾರ. ಲೈಫ್‌ಜಾಕೆಟ್ ಕ್ಲಬ್ಬಿನದೇ ಸಿಗುತ್ತದೋ ಕೇಳಿ, ಸಿಕ್ಕರೂ ಸೊಂಟದ ಪಟ್ಟಿ ಕಟ್ಟಿ ಭುಜ ಹಿಡಿದು ಮೇಲಕ್ಕೆ ಎಳೆದು ನೋಡಿ, ಗದ್ದ ದಾಟಿ ಮೇಲೆ ಬಂದರೆ ಅಳತೆ ಸರಿ ಇಲ್ಲ.

ಪ್ರಶ್ನೆ ಕೇಳುವ ಸಮಯ ದಡಕ್ಕೆ ವಾಪಸ್ ಬರುವಾಗ. ಚುಕ್ಕಾಣಿ ಹಿಡಿಯಲು ಕೇಳುವುದೂ ಆಗಲೇ, ಬಹಳಷ್ಟು ಸ್ಕಿಪ್ಪರ್‌ಗಳು ಸಂತೋಷದಿಂದ ಕೊಡುತ್ತಾರೆ. ಮುಂಬೈನಲ್ಲಿ ಒಂದು ಎಚ್ಚರ: ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಉಬ್ಬರ–ಇಳಿತದ ಅಂತರ ನಾಲ್ಕು ಮೀಟರ್ ದಾಟುತ್ತದೆ, ಸೆಳೆತ ಜೋರು. ಗಾಳಿ ಕಡಿಮೆ ಇದ್ದರೆ ಮಾರ್ಕ್ ಕಡೆ ಮೂತಿ ಮಾಡಿಯೂ ಹಿಂದಕ್ಕೆ ಹೋಗುತ್ತಿರುತ್ತೀರಿ. ಹೊರಡುವ ಮೊದಲು ಆ ದಿನದ ಉಬ್ಬರದ ಸಮಯ ನೋಡಿಕೊಂಡು ಬಂದ ಕ್ರೂ ಸ್ಕಿಪ್ಪರ್‌ಗೆ ಬೇಗ ಹಿಡಿಸುತ್ತಾನೆ.

ಸುರಪುರದವರ ಮಾತಿಗೆ: ಒಪ್ಪಿದೆ, ಎರಡು ದಿನ ಸಣ್ಣ ದೋಣಿ ಓಡಿಸಿ ಬಂದರೆ ಲಾಭವೇ. ಸರ್ಟಿಫಿಕೇಟ್ ಬಂದಮೇಲೆ ಕ್ರೂ ಆಗುತ್ತೇನೆ ಅಂತ ಕಾಯುವುದು ಮಾತ್ರ ಬೇಡ.

ಕಾರಂಜಾ ದಂಡಿ

ಮಗುಚೋದು ಡಿಂಗಿಯಾಗ ಸಹಜ, ಅದಕ್ಕ ರೂಢಿ ಬೇಕು. ಮೊದಲ ದಿನವೇ ದಂಡಿ ಹತ್ರ ಬೇಕಂತ ಮಗುಚಿ ಎತ್ತೋದು ಕಲಿಸ್ರಿ ಅಂತ ಕೇಳ್ರಿ.

ಕ್ರಮ ಇದು: ಬಿದ್ದ ಕೂಡ್ಲೆ ಜೋಡಿದಾರನ ಹೆಸರು ಹಿಡಿದು ಕೂಗ್ರಿ, ಅವ ಉತ್ತರ ಕೊಡೋತನಕ ಬ್ಯಾರೆ ಕೆಲಸ ಇಲ್ಲ. ಹಾಯಿ ಕೆಳಗ ಸಿಕ್ಕಿದ್ರ ಕೈಯಿಂದ ಹಾಯಿ ಮ್ಯಾಲ ಎತ್ತಿ ಉಸಿರಾಡಾಕ ಜಾಗ ಮಾಡ್ಕೊಂಡು, ಹೊಲಿಗೆ ಒಂದನ್ನ ಹಿಡಿದು ಒಂದೇ ದಿಕ್ಕಿಗೆ ಅಂಚಿನತನಕ ಸರೀರಿ. ದೋಣಿ ಬಿಟ್ಟು ದಂಡಿಗೆ ಈಜಾಕ ಹೋಗಬ್ಯಾಡ್ರಿ, ದಂಡಿ ಎಷ್ಟೇ ಹತ್ರ ಕಂಡ್ರೂ. ಒಬ್ಬ ಸೆಂಟರ್‌ಬೋರ್ಡ್ (ದೋಣಿ ತಳದಿಂದ ಹೊರಗ ಚಾಚೋ ಹಲಗಿ) ಕಡೆ ಹೋಗಬೇಕು. ಇನ್ನೊಬ್ಬ ಒಳಗಡೆ ಇದ್ದು ಎರಡೂ ಹಾಯಿ ಹಗ್ಗ ಕ್ಲೀಟ್‌ನಿಂದ ಬಿಡಿಸಿ, ಮ್ಯಾಲಿನ ಬದಿಯ ಜಿಬ್ ಹಗ್ಗವನ್ನ ಹೊರಗಿನವಗ ಎಸೀಬೇಕು. ಹೊರಗಿನವ ಬೋರ್ಡ್ ಮ್ಯಾಲ ನಿಂತು ಹಗ್ಗ ಹಿಡಿದು ಹಿಂದಕ್ಕ ಬಾಗ್ತಾನ. ಒಳಗಿನವ ದೋಣಿಯೊಳಗ ತೇಲ್ತಾ ಸುಮ್ನ ಇದ್ರ ದೋಣಿ ಎದ್ದಾಗ ಅವನನ್ನೂ ಬಾಚ್ಕೊಂಡೇ ಏಳ್ತದ. ಹಗ್ಗ ಬಿಡಿಸೋದು ಮರೆತ್ರ ಎದ್ದ ಹಾಯಿ ಗಾಳಿ ತುಂಬಿ ಅಲ್ಲೇ ಮತ್ತ ಮಗುಚ್ತದ, ಈ ತಪ್ಪು ಎಲ್ಲರೂ ಮಾಡೋದು.

ಬೋರ್ಡ್‌ನ ತುದಿಗೆ ನಿಂತ್ರ ಬಲ ಹೆಚ್ಚು ಸಿಗ್ತದ ಖರೆ, ಆದ್ರ ಬೋರ್ಡ್ ಮುರೀಬಹುದು. ದೋಣಿಯ ತಳಕ್ಕ ಹತ್ರ ನಿಂತು ಶುರು ಮಾಡ್ರಿ, ಏಳದಿದ್ರ ಆಮ್ಯಾಲ ಹೊರಗ ಸರೀರಿ. ತಡಾ ಮಾಡಿದ್ರ ದೋಣಿ ಪೂರಾ ತಲಿಕೆಳಗಾಗ್ತದ. ಆಳ ಕಮ್ಮಿ ಇರೋ ಕಡೆ ಮಾಸ್ಟ್ (ಹಾಯಿಯ ಕಂಬ) ತುದಿ ಕೆಸರಿನಾಗ ಸಿಕ್ತದ, ಆವಾಗ ಜಗ್ಗಾಡಿದ್ರ ಮಾಸ್ಟ್ ಬಾಗ್ತದ. ಕೈ ಎತ್ತಿ ರೆಸ್ಕ್ಯೂ ದೋಣಿ ಕರೀರಿ.

ಹುಸೇನ್ ಸಾಗರದ ನೀರಿನ ಬಗ್ಗೆ ನಿಮ್ಮ ಹೆದರಿಕೆ ಸುಳ್ಳಲ್ಲ. ಕೈಕಾಲಿಗೆ ಗಾಯ ಇದ್ದ ವಾರ ಹೋಗಬ್ಯಾಡ್ರಿ, ಸಣ್ಣ ತರಚು ಇದ್ರ ನೀರು ಹೋಗದ ಪಟ್ಟಿ ಅಂಟಿಸ್ರಿ. ಟೆಟನಸ್ ಇಂಜೆಕ್ಷನ್ ಹಿಂದ ಯಾವಾಗ ಆಗ್ಯದ ಅಂತ ಡಾಕ್ಟರಿಗೆ ತೋರಿಸಿ ಕೇಳ್ರಿ. ಬೀಳುವಾಗ ಬಾಯಿ ಮುಚ್ಚಿರ್ರಿ; ಬೂಮ್‌ ನೋಡಿ ಒದರಿಕೊಂಡು ಬೀಳೋದೇ ಹೆಚ್ಚು. ದಂಡಿಗೆ ಬಂದ ಕೂಡ್ಲೆ, ಹಾಯಿ ಮಡಚೋಕಿಂತ ಮೊದಲ, ಸೋಪು ಹಚ್ಚಿ ಸ್ನಾನ ಮಾಡ್ರಿ. ಕಿವಿ ಒಣಗಿಸ್ರಿ. ತೊಯ್ದ ಬಟ್ಟೆ ಬ್ಯಾರೆ ಪ್ಲಾಸ್ಟಿಕ್ ಚೀಲದಾಗ ಕಟ್ರಿ, ಇಲ್ಲಾಂದ್ರ ವಾಡಿ ಬರೋತನಕ ಡಬ್ಬಿಯಾಗಿನ ಮಂದಿ ನಿಮಗ ಜಾಗಾ ಕೊಡಂಗಿಲ್ಲ.